ಬಂದೆ ಎನ್ನುವ ಮಾತು

ಮಾರ್ಚ್ ೧೪, ಗುರುವಾರ

ಇವತ್ತೂ ಅದೇ ಪ್ರಶ್ನೆ. ನ್ಯೂಯಾರ್ಕಿನ ಕಾಲೇಜೊಂದರಲ್ಲಿ ನನ್ನ ಕವಿತೆ ಓದುವ ಕಾರ್ಯಕ್ರಮವಿತ್ತು. ಇಂಗ್ಲಿಷಿನಲ್ಲಿ ನಾಲ್ಕು ಸಂಕಲನ ತಂದಿದ್ದೇನೆ. ಎಲ್ಲರಿಗೂ ಬೇಕಾದದ್ದು ಮಾತ್ರ ಅಪ್ಪನ ಮೇಲೆ ಬರೆದ ಆ ಹಳೆಯ ಕವಿತೆ. ಆಫೀಸಿನಿಂದ ಫೋನ್ ಮಾಡಿ "ಬಂದೆ" ಎಂದ ಅಪ್ಪ ಆ ಸಂಜೆ ದಾರಿಯಲ್ಲೇ ತೀರಿಕೊಂಡರು.

ಹುಡುಗಿಯೊಬ್ಬಳು ಎದ್ದು, ಮನೆಗೆ ಬಾರದವರು ಬಂದೆ ಎಂದದ್ದು ವ್ಯಾಕರಣದ ತಪ್ಪಲ್ಲವೇ ಎಂದು ಕೇಳಿದಳು. ಹೊರಡುವ ಮೊದಲೇ ಬಂದೆ ಎನ್ನುವುದು ಕನ್ನಡದ ರೂಢಿ ಎಂದೆ. ಎಲ್ಲರೂ ತಲೆದೂಗಿದರು. ಹೇಳಿ ಹೇಳಿ ಆ ಉತ್ತರ ಎಷ್ಟು ಸವೆದಿದೆಯೆಂದರೆ, ಅದರೊಳಗೆ ಅಪ್ಪನ ದನಿ ಈಗ ಕೇಳಿಸುವುದಿಲ್ಲ.

ವಾಪಸು ಬರುವಾಗ ಟ್ರೇನಿನಲ್ಲಿ ಅಮ್ಮನ ಫೋನು, ನನ್ನ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ ದೂರದ ಮನ್ರೋದಿಂದ. "ಶರೂ, ಕೋಡುಬಳೆ ಮೆತ್ತಗಾಗ್ತಾ ಇದೆ ಕಣೇ. ಯಾವಾಗ ಬರ್ತೀಯ?"

ಮೂರು ವಾರದಿಂದ ಬರ್ತೀನಿ ಬರ್ತೀನಿ ಎನ್ನುತ್ತಿದ್ದವಳು ಇವತ್ತು, ಫೋನ್ ಇಟ್ಟರೆ ಸಾಕಾಗಿ, "ಬಂದೆ ಅಮ್ಮ" ಎಂದುಬಿಟ್ಟೆ. ಸಮರ್‌ಸೆಟ್‌ನ ನನ್ನ ಮನೆಗೆ ಬಂದು ಶೂ ಬಿಚ್ಚಿ ಬಿದ್ದುಕೊಂಡೆ.

ಈಗಷ್ಟೇ ಮತ್ತೆ ಫೋನು. "ಎಲ್ಲಿದೀಯೇ? ತಟ್ಟೆ ಹಾಕ್ಕೊಂಡು ಕೂತಿದೀನಿ. ಬಂದೆ ಅಂದ್ಯಲ್ಲ."

"ಅಯ್ಯೋ ಅಮ್ಮ, ಸುಮ್ನೆ ಮಾತಿಗೆ ಅಂದೆ."

ಅಮ್ಮ, "ಅವತ್ತು ನಿಮ್ಮಪ್ಪ ಅಂದಾಗ್ಲೂ ಹೀಗೇ ತಟ್ಟೆ ಹಾಕಿದ್ದೆ," ಎಂದಳು.

ಇಷ್ಟು ವರ್ಷ ಊರೂರು ಓದಿಕೊಂಡು ಬಂದ ಕವಿತೆಯಲ್ಲಿ ಆ ತಟ್ಟೆ ಇಲ್ಲ. ಅಮ್ಮನೂ ಇಲ್ಲ.

ಕಣ್ಣು ಎಳೆಯುತ್ತಿದೆ. ಕಾರಿನ ಕೀ ಎಲ್ಲಿ ಬಿಸಾಕಿದೆನೋ