ಫೋಟೋದಲ್ಲಿ ಇಲ್ಲದ ಕಲೆ

“ಬರೀ ಬೆಳಕು ತಾನೇ, ಬೆಳಕಿನಿಂದ ಏನಾಗುತ್ತೆ?” ಎಂದದ್ದು ಚರ್ಮದ ಕ್ಲಿನಿಕ್ಕಿನ ಡಾಕ್ಟರೋ, ನನ್ನ ತಂಗಿಯೋ, ಅವಳಿಗೆ ಧೈರ್ಯ ಹೇಳಲು ಹೋದ ನಾನೋ, ಈಗ ಸರಿಯಾಗಿ ನೆನಪಿಲ್ಲ. ಮಾನ್ಯ ಪರವಾನಗಿ ಅಧಿಕಾರಿಗಳೇ, ಏನಾಗುತ್ತದೆ ಎಂಬುದು ಈಗ ಅವಳ ಮುಖದ ಮೇಲಿದೆ. ಆ ಮುಖವನ್ನು ನೋಡದೆಯೇ ತಾವು ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಕಡತ ಮುಚ್ಚಿದ್ದೀರಿ.

ತಂಗಿಯ ಎಡಗೆನ್ನೆಯಲ್ಲಿ ಒಂದು ಹಳೆಯ ಸುಟ್ಟ ಕಲೆಯಿತ್ತು. ಅವಳಿಗೆ ಐದು ವರ್ಷ, ನನಗೆ ಒಂಬತ್ತು. ಇಸ್ತ್ರಿಪೆಟ್ಟಿಗೆ ನನ್ನ ಕೈಯಲ್ಲಿತ್ತು. ಅಷ್ಟು ಸಾಕು. ನಲವತ್ತು ದಾಟಿದ ಮೇಲೆ ಅದನ್ನು ತೆಗೆಸುವ ಮನಸ್ಸು ಮಾಡಿದಳು. ಆ ಕ್ಲಿನಿಕ್ಕಿನಲ್ಲಿ ಲೇಸರ್ ಬೆಳಕಿನ ಚಿಕಿತ್ಸೆ ಆದ ಮೊದಲ ತಿಂಗಳು ಕೆನ್ನೆ ನುಣುಪಾಗಿತ್ತು. ಆರನೆಯ ವಾರ ತುರಿಕೆ ಶುರುವಾಯಿತು, ಆಮೇಲೆ ಗಂಟು, ಗಂಟಿನಿಂದ ಹೊರಟ ಗಟ್ಟಿ ಗೆರೆ. ಹಳೆಯ ಕಲೆ ಮೂವತ್ತೈದು ವರ್ಷ ಇದ್ದಲ್ಲೇ ಇತ್ತು. ಇದು ಮೇಲಕ್ಕೆ ನಡೆಯುತ್ತಿದೆ. ಕೆಳರೆಪ್ಪೆಗೆ ಇನ್ನು ಒಂದು ಬೆರಳಿನಷ್ಟು ದೂರ. ಅಲ್ಲಿಗೆ ಮುಟ್ಟಿದರೆ ಕಣ್ಣು ಪೂರ್ತಿ ಮುಚ್ಚಲಾರದು ಎಂದು ಬೇರೊಬ್ಬ ಡಾಕ್ಟರು ಹೇಳಿದ್ದಾರೆ. “ನೀನು ಕೊಟ್ಟಿದ್ದು ಹೋಯ್ತು ಬಿಡು ಅಣ್ಣಾ, ಇದು ನನ್ನ ಸ್ವಂತ ಸಂಪಾದನೆ,” ಎಂದು ನಗುತ್ತಾಳೆ.

ಅವಳ ಕೆಲಸ ಸ್ಟುಡಿಯೋದಲ್ಲಿ ಫೋಟೋ ತಿದ್ದುವುದು. ಇಪ್ಪತ್ತು ವರ್ಷದಿಂದ ಜನರ ಮೊಡವೆ, ಮಚ್ಚೆ, ಕಣ್ಣಡಿಯ ಕಪ್ಪು ಅಳಿಸುತ್ತಿದ್ದಾಳೆ. ದೂರಿಗೆ ಲಗತ್ತಿಸಬೇಕಾದ ಫೋಟೋವನ್ನು ತಾನೇ ತೆಗೆದು ತಾನೇ ಮುದ್ರಿಸಿದಳು. ನಡುವೆ ಯಾರೊಡನೆಯೋ ಮಾತಾಡುತ್ತಿದ್ದಾಗ ಕೈ ತನ್ನ ಪಾಡಿಗೆ ದಿನದ ಕೆಲಸ ಮುಗಿಸಿತ್ತು. ತಮ್ಮ ಕಚೇರಿಗೆ ಬಂದದ್ದು ಕಲೆಯಿಲ್ಲದ ಕೆನ್ನೆ.

ತಪ್ಪು ಅವಳದೇ, ಒಪ್ಪಿದೆ. ಗೊತ್ತಾದ ಮೇಲೆ ಮುಖವನ್ನೇ ತಂದಳಲ್ಲ? ತಮ್ಮ ಗುಮಾಸ್ತರು ಒಮ್ಮೆ ಫೋಟೋ ನೋಡಿದರು, ಒಮ್ಮೆ ಅವಳನ್ನು. “ಕಡತದಲ್ಲಿ ಇರೋದು ಇದಮ್ಮಾ. ಮುಖನ ಲಗತ್ತಿಸೋಕೆ ಬರಲ್ಲ.” ಅದು ತಮಾಷೆಯಾಗಿರಲಿಲ್ಲ. ಎದುರಿಗೆ ನಿಂತ ಹೆಂಗಸಿಗಿಂತ ಅವಳ ಕಾಗದವೇ ಹೆಚ್ಚು ನಿಜವೆಂದು ತಮ್ಮ ಕಚೇರಿ ಯಾವಾಗ ತೀರ್ಮಾನಿಸಿತು?

‘ದೋಷ ಕಂಡುಬಂದಿಲ್ಲ’ ಎಂಬ ತಮ್ಮ ಪತ್ರದ ಪ್ರತಿ, ಲಗತ್ತಿಸಿದ ಆ ಫೋಟೋ ಸಮೇತ, ಕ್ಲಿನಿಕ್ಕಿಗೂ ಹೋಯಿತು. ಈಗ ಎರಡೂ ಅಲ್ಲಿನ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನಲ್ಲಿ ಇವೆ. ಅವಳು ಎಷ್ಟು ಚೆನ್ನಾಗಿ ತಿದ್ದಿದ್ದಾಳೆಂದರೆ, ನೋಡಿ ನನಗೂ ಒಂದು ಕ್ಷಣ ಸಮಾಧಾನವಾಯಿತು.

ಚಿಕಿತ್ಸೆಗೆ ಮುಂಚಿನ ಫೋಟೋಗೆ ಕ್ಲಿನಿಕ್ಕಿನವರು ಜನರನ್ನು ಕಳಿಸುವುದು ತಂಗಿಯ ಸ್ಟುಡಿಯೋಗೇ. ನಿನ್ನೆ ಗದ್ದದಲ್ಲಿ ಹೊಲಿಗೆಯ ಗುರುತಿದ್ದ ಹುಡುಗಿಯೊಬ್ಬಳು ಬಂದಿದ್ದಳು. “ಆ ಗೋಡೆ ಮೇಲಿರೋ ಆಂಟಿ ಥರ ಆದ್ರೆ ಸಾಕು.”

ತಂಗಿ ಕೆನ್ನೆ ಮುಚ್ಚಿದ್ದ ಮಾಸ್ಕ್ ಇಳಿಸಿದಳು. “ನಾನೇ ಕಣಮ್ಮಾ ಅವಳು.”

“ಅಯ್ಯೋ, ಹೋಗಿ ಆಂಟಿ!” ಹುಡುಗಿ ನಕ್ಕು, ಕ್ಯಾಮೆರಾಕ್ಕೆ ಗದ್ದ ಎತ್ತಿ ಕೂತಳು.

ಕ್ಲಿನಿಕ್ಕಿನಲ್ಲಿ ಆ ಹುಡುಗಿಯ ಸರದಿ ಗುರುವಾರ ಬೆಳಿಗ್ಗೆ ಹತ್ತಕ್ಕೆ. ಅದಕ್ಕೆ ಮೊದಲು ಆ ಲೇಸರ್ ಯಂತ್ರಕ್ಕೆ ಬೀಗ ಹಾಕಿಸಿ. ನನ್ನ ತಂಗಿಯನ್ನು ಕರೆಸಿ, ಕಿಟಕಿಯ ಬೆಳಕಿನಲ್ಲಿ ನಿಲ್ಲಿಸಿ, ತಮ್ಮ ಕಣ್ಣಿಂದ ನೋಡಿ, ಕಂಡದ್ದನ್ನು ಬರೆಯಿರಿ. ಆ ಚೌಕಟ್ಟನ್ನು ಗೋಡೆಯಿಂದ ಇಳಿಸಿ.

ಮತ್ತೆ ನೀನು, ತಂಗಿ ಹೆಸರು ಕೇಳದೆ ಕಳಿಸಿಬಿಟ್ಟ ಹುಡುಗಿ: ಎದುರಿಗಿದ್ದ ಮುಖವನ್ನು ನಂಬಲು ನಿನಗೆ ಇನ್ನೇನು ತೋರಿಸಬೇಕಿತ್ತು?

ಇಂತಿ,
ಮೊದಲ ಕಲೆಗೆ ಮಾತ್ರ ಹೊಣೆಯಾದ ಅಣ್ಣ