ಕಾಗದದೂರಿನ ಕೆಂಪು ಅಂಚು

ಮಿಲ್ ಕಾಲೋನಿ, ತೂಬಗೆರೆ ರಸ್ತೆ,
ದೊಡ್ಡಬಳ್ಳಾಪುರ ತಾಲ್ಲೂಕು.
ನವೆಂಬರ್ ೧೯೪೬

ಇನ್ನೂ ಮುಖ ತೋರಿಸದ ನನ್ನ ಕೂಸಿಗೆ,

ನೀನು ಹುಟ್ಟಲಿರುವ ಊರಿನ ಚರಿತ್ರೆಯನ್ನು ಮೊದಲೇ ತಿಳಿಸಿಬಿಡುತ್ತೇನೆ. ಆಮೇಲೆ ಯಾರೂ ಹೇಳಲಿಲ್ಲವೆಂದು ನೀನು ಅಳಬಾರದು. ಹೇಗೂ ಅಳುತ್ತೀಯ, ಅದಕ್ಕೆ ಬೇರೆ ಕಾರಣಗಳಿರುತ್ತವೆ. ನಿಮ್ಮಮ್ಮ ಹನ್ನೊಂದು ದಿನ ನನ್ನೊಡನೆ ಮಾತು ಬಿಟ್ಟದ್ದಕ್ಕೂ ಈ ಚರಿತ್ರೆಗೂ ಸಂಬಂಧವಿದೆ.

ನನಗೆ ನಲವತ್ತೈದು, ನಮ್ಮೂರಿಗೆ ಐದು. ಅದಕ್ಕೆ ಮುಂಚೆ ಇಲ್ಲಿ ಒಂದು ಕೆರೆ, ರಾಗಿ ಹೊಲ ಮತ್ತು ಮುತ್ಯಾಲಮ್ಮನ ಗುಡಿ, ಇಷ್ಟೇ ಇದ್ದದ್ದು. ಯುದ್ಧದಿಂದ ಹಡಗುಗಳು ನಿಂತವು, ಸೀಮೆ ಕಾಗದ ಬರುವುದು ನಿಂತಿತು. ಯಾರೋ ಸಾಹುಕಾರರು ಬಂದು ಕೆರೆಯ ನೀರನ್ನು ರುಚಿ ನೋಡಿ ಮಿಲ್ಲು ಕಟ್ಟಿದರು. ಮಿಲ್ಲಿನ ಹಿಂದೆ ಆರು ಲೈನು ಮನೆ ಎದ್ದವು, ಒಂದು ಶಾಲೆ ಬಂತು, ಮಿಲ್ಲಿನ ಸೈರನ್ನಿನ ಕೂಗು ಬಂತು. ಕೂಗಿದಾಗ ಏಳಬೇಕು, ಕೂಗಿದಾಗ ಉಣ್ಣಬೇಕು. ಸುತ್ತಲ ಹಳ್ಳಿಯವರು ನಮ್ಮನ್ನು ಕಾಗದದೂರಿನವರು ಅನ್ನುತ್ತಾರೆ. ಮಿಲ್ಲಿನ ನಾತ ಹೊತ್ತು ಗಾಳಿ ಅತ್ತ ಬೀಸಿದ ದಿನ ಇನ್ನೂ ಏನೇನೋ ಅನ್ನುತ್ತಾರೆ.

ಕಾಗದವಾಗುವುದು ಚಿಂದಿಯಿಂದ. ಬಳ್ಳಾಪುರದ ಮಗ್ಗದ ಮನೆಗಳಿಂದ ನೂಲಿನ ತುಣುಕು ಬರುತ್ತದೆ, ಊರೂರುಗಳಿಂದ ಹಳೆ ಬಟ್ಟೆ ಬರುತ್ತದೆ. ಮೊದಮೊದಲು ಯಾವ ಹೆಂಗಸೂ ಅದನ್ನು ಮುಟ್ಟಲಿಲ್ಲ. ಸತ್ತವರ ಬಟ್ಟೆ ಸೇರಿರುತ್ತದೆ ಎಂದು ಭಯ. ಕಡೆಗೆ ಆರನೇ ಲೈನಿನ ಅಮ್ಮಯಮ್ಮ ಒಂದು ಚೊಂಬು ಅರಿಶಿನದ ನೀರು ತಂದು, ಮೂಟೆಗೆ ಚಿಮುಕಿಸಿ, ಕಾಲು ಚಾಚಿ ಕುಳಿತು ಬಟ್ಟೆ ಸೀಳತೊಡಗಿದಳು. ಆಮೇಲೆ ಉಳಿದವರೂ ಬಂದರು. ಇವತ್ತಿಗೂ ಅರಿಶಿನದ ನೀರು ಬೀಳದೆ ಮೂಟೆ ಬಿಚ್ಚುವುದಿಲ್ಲ. ನಾನು ಅಲ್ಲಿ ಚಿಂದಿ ಗೋದಾಮಿನ ಗುಮಾಸ್ತ. ಕನ್ನಡ ಓದಿ ಬಿ.ಎ. ಮಾಡಿದವನಿಗೆ ಹರಿದ ಪಂಚೆಗಳ ಸಹವಾಸ ಸಿಕ್ಕಿತು. ದೂರುವಂತಿಲ್ಲ, ಪಂಚೆಗಳು ವಾದ ಮಾಡುವುದಿಲ್ಲ.

ಈ ಸಲ ಮಳೆಗೆ ಗಾಡಿಗಳು ನಿಂತು ಚಿಂದಿ ಸಾಲದಾಯಿತು. ಲೈನಿನ ಮನೆಗಳಿಂದಲೇ ಎತ್ತೋಣ ಎಂದು ನಾನು ಪ್ರಾಸ ಕಟ್ಟಿ ಗೇಟಿಗೆ ಅಂಟಿಸಿದೆ:

ಇಲಿ ಕಡಿಯುವ ಮುಂಚೆ, ಕೊಟ್ಟುಬಿಡಿ ಪಂಚೆ;
ಹರಿದರೇನು ಸೀರೆ, ಹಾಳೆಯಾಗಿ ಬಾರೆ!

ಕವಿ ತಾನೇ ಮೊದಲು ಕೊಡಬೇಕಲ್ಲವೇ? ನಿಮ್ಮಮ್ಮ ನೀರಿಗೆ ಹೋಗಿದ್ದಾಗ ಅಟ್ಟದ ಮೇಲೆ ಕೈಯಾಡಿಸಿದೆ. ಗಂಟು ಕಟ್ಟಿದ ಹಳೆ ಸೀರೆಯೊಂದು ಸಿಕ್ಕಿತು. ಒಗೆದೊಗೆದು ಬಿಳಿಚಿದ ಒಡಲು, ಕೆಂಪು ಅಂಚು, ಅಲ್ಲಲ್ಲಿ ತೂತು. ಮೂಟೆಗೆ ಹಾಕಿದೆ.

ಅದು ನಿನ್ನ ಅಜ್ಜಿ, ನಿಮ್ಮಮ್ಮನ ತಾಯಿ ಮುನಿತಾಯಮ್ಮನವರದು. ನಮ್ಮ ಕಡೆ ಹುಟ್ಟಿದ ಕೂಸನ್ನು ಮೊದಲು ಸುತ್ತುವುದು ಹೊಸ ಬಟ್ಟೆಯಲ್ಲಲ್ಲ, ಮಕ್ಕಳನ್ನು ಸಾಕಿ ಬಾಳಿದ ಹಿರಿಯಳೊಬ್ಬಳ ಹಳೆ ಸೀರೆಯಲ್ಲಿ. ನಿನಗೆ ಒಬ್ಬ ಅಣ್ಣನಿದ್ದ. ಅವನು ಹುಟ್ಟುವ ಮುಂಚೆಯೇ ನಾನು ಬೆಂಗಳೂರಿನಿಂದ ಹೊಸ ಮಲ್ ಬಟ್ಟೆ ತಂದಿದ್ದೆ. ಬೇಡ ಅಂದ ನಿಮ್ಮಮ್ಮನನ್ನು ನೋಡಿ, ಓದಿದವನ ಗತ್ತಿನಲ್ಲಿ ನಕ್ಕಿದ್ದೆ. ಅವನು ಮೂರು ದಿನ ಇದ್ದ. ಬಟ್ಟೆಯಿಂದ ಹಾಗಾಯಿತೆಂದು ನಾನು ಈಗಲೂ ನಂಬುವುದಿಲ್ಲ. ಆದರೆ ಒಂಬತ್ತು ವರ್ಷದ ಮೇಲೆ ನೀನು ಬರುತ್ತಿದ್ದೀಯ ಎಂದಾಗ, ತೀರಿಹೋದ ತಾಯಿಯ ಆ ಸೀರೆಯನ್ನು ಬಿಸಿಲಿಗೆ ಹಾಕಿ, ಮಡಿಸಿ, ಗಂಟು ಕಟ್ಟಿಟ್ಟವಳ ಮುಂದೆ ನನ್ನ ನಂಬಿಕೆಗೆ ಏನು ಬೆಲೆ?

ಗಂಟು ಕಾಣದಿದ್ದ ಸಂಜೆ ಅವಳು ಕೂಗಾಡಲಿಲ್ಲ. "ಅದೊಂದನ್ನೇ ನಾನು ಇಟ್ಕೊಂಡಿದ್ದು" ಅಂದಳು. ಆಮೇಲೆ ಮಾತಿಲ್ಲ. ಊಟಕ್ಕೆ ಕರೆಯುವ ಕೆಲಸವೂ ಮಿಲ್ಲಿನ ಕೂಗಿಗೇ ಬಿತ್ತು.

ಬೆಳಗ್ಗೆ ಗೋದಾಮಿಗೆ ಓಡಿದೆ. ಅಮ್ಮಯಮ್ಮ ನನ್ನ ಮುಖ ನೋಡಿಯೇ ಕತ್ತಿ ಕೆಳಗಿಟ್ಟಳು.

"ಕೆಂಪಂಚಿಂದು ತಾನೇ ಸಾಮಿ? ನಾನೇ ಸೀಳ್ದೆ. ಬೆಣ್ಣೆ ಇದ್ದಂಗಿತ್ತು. ಯಾರೋ ಆಸೆಯಿಂದ ಮಡಗಿದ್ದು ಅನ್ನುಸ್ತು. ಗುಮಾಸ್ತ್ರೇ ಕಳಿಸವ್ರಲ್ಲ ಅಂತ ಸುಮ್ಕಾದೆ."

ಅದು ಯಾರದು, ಯಾಕೆ ಕಟ್ಟಿಟ್ಟದ್ದು ಎಂದು ಅವಳಿಗೆ ಹೇಳಿದೆ. ಒಡಲು ಆಗಲೇ ಸುಣ್ಣದ ನೀರಲ್ಲಿ ಬೆಂದು, ಅರೆದು, ಗಂಜಿಯಾಗಿತ್ತು. ಅದು ಹಾಳೆಯಾದ ದಿನ ನಾನು ನಾಲ್ಕು ಹಾಳೆ ಕೇಳಿ ತಂದೆ. ಈ ಕಾಗದ ಅದರಲ್ಲೇ ಬರೆಯುತ್ತಿದ್ದೇನೆ. ಇದರಲ್ಲಿ ನಿನ್ನ ಅಜ್ಜಿಯ ಪಾಲು ಎಷ್ಟೋ, ಒಂದೆಳೆಯೋ ಅರ್ಧ ಎಳೆಯೋ, ಉಳಿದದ್ದೆಲ್ಲ ತಾಲ್ಲೂಕಿನ ಪಂಚೆಗಳು. ಆದರೂ ಮಡಿಸುವಾಗ ಮೆಲ್ಲಗೆ ಮಡಿಸುತ್ತೇನೆ.

ಹನ್ನೊಂದನೆಯ ದಿನ ಮಧ್ಯಾಹ್ನ ಅಮ್ಮಯಮ್ಮ ನಮ್ಮ ಬಾಗಿಲಿಗೆ ಬಂದಳು. ಅವಳು ಎಂದೂ ಹೊಸ್ತಿಲು ದಾಟಿದವಳಲ್ಲ. ಆರನೇ ಲೈನಿನವರು ಒಂದನೇ ಲೈನಿನ ಮನೆಯೊಳಗೆ ಬರುವ ಪದ್ಧತಿ ಇಲ್ಲ. ಲೈನು ಕಟ್ಟಿದ್ದು ಕಂಪನಿ, ಪದ್ಧತಿ ನಾವು ಹಳ್ಳಿಯಿಂದ ಹೊತ್ತು ತಂದದ್ದು. ಅಂಗಳದಲ್ಲೇ ನಿಂತು ಒಂದು ಬಟ್ಟೆ ಚಾಚಿದಳು.

ಬಿಳಿ ಕಾಗದಕ್ಕೆ ಬಣ್ಣದ ನೂಲು ಆಗುವುದಿಲ್ಲ. ಅಂಚುಗಳನ್ನು ಮೊದಲೇ ಸೀಳಿ, ಒರಟು ಕಾಗದಕ್ಕೆಂದು ಬೇರೆ ಬುಟ್ಟಿಗೆ ಹಾಕುತ್ತಾರೆ. ಐದು ವರ್ಷದಿಂದ ಆ ಬುಟ್ಟಿ ನನ್ನ ಕಣ್ಣೆದುರಿಗೇ ಇದೆ, ನನಗೆ ಹೊಳೆಯಲಿಲ್ಲ. ಅವಳು ರಾಶಿ ರಾಶಿ ಅಂಚು ಕೆದಕಿ ಆ ಕೆಂಪಂಚನ್ನು ಹುಡುಕಿ, ಕುದಿನೀರಲ್ಲಿ ಒಗೆದು, ತನ್ನದೇ ಹಳೆ ಸೀರೆಯ ಮೆತ್ತನೆಯ ತುಂಡಿಗೆ ಸುತ್ತಲೂ ಹೊಲಿದಿದ್ದಳು.

"ಅಂಚು ನಿಮ್ಮವ್ವಂದೇ ಕಣಮ್ಮ. ಒಡಲು ನಂದು. ಏಳು ಮಕ್ಕಳನ್ನ ಎತ್ತಾಡ್ಸಿರೋ ಸೀರೆ, ಏಳೂ ಗಟ್ಟಿಯಾಗವ್ರೆ. ಆಗಲ್ಲ ಅಂದ್ರೆ ಅಂಚು ಬಿಚ್ಕೊಂಡು ಉಳಿದಿದ್ದು ಕೊಡಿ, ಬೇಜಾರಿಲ್ಲ."

ನಿಮ್ಮಮ್ಮ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡಳು.

"ಯಾಕ್ ಬಿಚ್ಚಲಿ?" ಅಂದಳು. "ಒಳಗ್ ಬಾ ಅಮ್ಮಯಮ್ಮ. ನೋವು ಬಂದ್ ದಿನ ನೀನೇ ಇರ್ಬೇಕು. ಈ ಬಟ್ಟೇಲಿ ನೀನೇ ಎತ್ಕೋಬೇಕು."

ಆಮೇಲೆ ನನ್ನ ಕಡೆ ತಿರುಗಿ, ಹನ್ನೊಂದು ದಿನದ ಮೊದಲ ಮಾತು ಆಡಿದಳು: "ನೀವು ಇನ್ಮೇಲೆ ಅಟ್ಟ ಹತ್ತಬೇಡಿ."

ಹತ್ತುವುದಿಲ್ಲ. ಗೇಟಿನ ಪದ್ಯವನ್ನೂ ಕಿತ್ತು ತಂದಿದ್ದೇನೆ.

ಬಟ್ಟೆ ಬಿಸಿಲಲ್ಲಿ ಒಣಗಿ ಮಂಚದ ತಲೆದೆಸೆಯಲ್ಲಿದೆ. ಅಮ್ಮಯಮ್ಮ ದಿನಾ ಸಂಜೆ ಬಂದು, ಒಳಗೇ ಕುಳಿತು, ನಿಮ್ಮಮ್ಮನ ಹೊಟ್ಟೆ ಮುಟ್ಟಿ ನೋಡಿ ಹೋಗುತ್ತಾಳೆ. ಒಂದನೇ ಲೈನು ಏನೇನೋ ಗೊಣಗುತ್ತದೆ, ಗೊಣಗಲಿ. ನಿನಗೆ ಕಿವಿ ಬಂದಿದ್ದರೆ ಅವಳ ಮಾತು ಮಾತ್ರ ಕೇಳು. ನೂರು ವರ್ಷ ಬಾಳು, ನಿನ್ನ ಮೊದಲ ಬಟ್ಟೆಯಷ್ಟೇ ಮೆತ್ತಗೆ, ಅದರಷ್ಟೇ ಗಟ್ಟಿಯಾಗಿ. ಕಡೆಯದಾಗಿ ಒಂದೇ ಒಂದು ಪ್ರಾಸ:

ಕಾದಿದೆ ಕೆಂಪಂಚಿನ ಸೀರೆ, ಸುಖವಾಗಿ ಬಾರೆ.

ಗಂಡಾದರೆ ಬಾರೋ. ಪ್ರಾಸ ಕೆಟ್ಟರೆ ಕೆಡಲಿ, ನೀನು ಬಂದರೆ ಸಾಕು.

ದಾರಿ ಕಾಯುತ್ತಿರುವ ನಿನ್ನ ಅಪ್ಪ,
ವೆಂಕಟರಾಯಪ್ಪ