ಬಾಗಿಲು ಲಿಫ್ಟಿನ ಕಡೆಗೆ

ರೀ,
ಚಾಮರಾಜನಗರದ ಬಸ್ಸಿಗೆ ಹೊರಟೆ, ನಿಮ್ಮನ್ನು ಎಬ್ಬಿಸಲಿಲ್ಲ. ಉಪ್ಪಿಟ್ಟು ಮುಚ್ಚಿಟ್ಟಿದ್ದೀನಿ. ಅತ್ತೆಗೆ ಬಿ.ಪಿ. ಮಾತ್ರೆ ಮರೀಬೇಡಿ.

ಬ್ಯಾಂಕಾಕಿನ ಮನೆಗಳ ಪ್ರಿಂಟು ಟಿವಿ ಮೇಲಿದೆ. ಟೂರಿಸ್ಟರಿಗೆ ಬಾಡಿಗೆ ಕೊಡೋ ಮನೆಗಳು. ಆಫೀಸಿನವರು ಕಳಿಸ್ತಿರೋ ರೇಷ್ಮೆ ಟ್ರೈನಿಂಗಿನ ಮೂರು ತಿಂಗಳೂ ನಾನೊಬ್ಬಳೇ ಅಲ್ಲಿರಬೇಕು. ಸಂಜೆಯೊಳಗೆ ಯಾವುದು ಅಂತ ತಿಳಿಸದಿದ್ದರೆ ಎಲ್ಲವೂ ಕೈತಪ್ಪುತ್ತವೆ.

"ದಕ್ಷಿಣದ ಬಾಗ್ಲು ಬ್ಯಾಡ ಕಣವ್ವ, ಮೊದ್ಲು ದಿಕ್ಕು ಕೇಳ್ಬುಡು" ಅಂದರು ಅತ್ತೆ. ನೀವೂ ಹೂಂ ಅಂದಿರಿ. ಗುಂಡ್ಲುಪೇಟೆಯ ಸೈಬರ್ ಸೆಂಟರಿಗೆ ಹೋಗಿ, ನಾಚಿಕೆ ಬಿಟ್ಟು ಮೇಲ್ ಹಾಕಿದೆ. ಅವುಗಳಲ್ಲಿ ಅಡುಗೆಗೆ ಒಲೆ ಇರೋ ಒಂದು ಮನೆಯ ಓನರಮ್ಮ ಉತ್ತರ ಕೊಟ್ಟಿದ್ದಾಳೆ: ಬಾಗಿಲು ಲಿಫ್ಟಿನ ಕಡೆಗಿದೆ. ಇನ್ನೊಂದು ಸಲ ಕೇಳಿದ್ದಕ್ಕೆ ಲಿಫ್ಟಿನ ಫೋಟೋನೇ ಕಳಿಸಿದ್ದಾಳೆ!

ಇದನ್ನು ಅತ್ತೆಗೆ ಹೇಳೋದು ನನ್ನ ಕೈಲಾಗಲ್ಲ. ನೀವೇ ಹೇಳಿ. ನೀವೇ ಒಂದಕ್ಕೆ ಟಿಕ್ ಹಾಕಿ, ಮಧ್ಯಾಹ್ನ ನನ್ನ ಆಫೀಸಿಗೆ ಫೋನ್ ಮಾಡಿ. ನನಗೇನೂ ತೋಚುತ್ತಿಲ್ಲ.

ಪಕ್ಕದ ಮನೆ ಸುಧಾಮಣಿಯೂ ನಿನ್ನೆ ಬಾಗಿಲು ಯಾವ ದಿಕ್ಕಿಗೆ ಅಂತಲೇ ಕೇಳಿದಳು. ಆ ಊರಲ್ಲಿ ಜ್ವರ ಬಂದು ಮಲಗಿದರೆ ನನಗೆ ದಿಕ್ಕು ಯಾರು ಅಂತ ಯಾರೂ ಕೇಳಲಿಲ್ಲ. ನೀವೂ ಕೇಳಲಿಲ್ಲ.

ಕಾವ್ಯ